64 ನಿಜವೋ, 27 ನಿಜವೋ: ಕಲಿಕಾ ಸಮೀಕ್ಷೆಗಳಲ್ಲಿ ಯಾವುದನ್ನು ಯಾವುದಕ್ಕೆ ನಂಬಬೇಕು

2025ರ ಮಳೆಗಾಲದಲ್ಲಿ ನಮ್ಮ ಶಾಲೆಯ ಒಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ. ಅಧ್ಯಕ್ಷರು ಎರಡು ಪತ್ರಿಕೆಯ ತುಣುಕುಗಳನ್ನು ಮೇಜಿನ ಮೇಲಿಟ್ಟು, “ಮೇಷ್ಟ್ರೇ, ಇವೆರಡರಲ್ಲಿ ಯಾವುದು ಸುಳ್ಳು?” ಎಂದು ಕೇಳಿದರು. ಒಂದರ ಪ್ರಕಾರ ಮೂರನೇ ತರಗತಿಯ ಭಾಷಾ ಕಲಿಕೆ ದೇಶದಲ್ಲಿ ಶೇ 64. ಇನ್ನೊಂದರ ಪ್ರಕಾರ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 27.1. ಎರಡೂ 2024ರ ಅಂಕಿಗಳೇ.

ಸುಳ್ಳು ಯಾವುದೂ ಅಲ್ಲ. ಮೊದಲನೆಯದು ಉತ್ತರಗಳ ಲೆಕ್ಕ, ಎರಡನೆಯದು ಮಕ್ಕಳ ಲೆಕ್ಕ. ಅವರಿಗೆ ಅಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ. ಹತ್ತು ಮಕ್ಕಳಿದ್ದಾರೆ, ಹತ್ತು ಪ್ರಶ್ನೆ ಕೊಟ್ಟಿದ್ದೀರಿ, ಎಲ್ಲರೂ ಆರಾರು ಸರಿ ಮಾಡಿದ್ದಾರೆ. ಉತ್ತರ ಎಣಿಸಿದರೆ ಶೇ 60. ಆದರೆ ‘ಏಳು ಸರಿ ಮಾಡಿದವರಿಗೆ ಮಾತ್ರ ಓದು ಬರುತ್ತದೆ’ ಎಂದು ಗೆರೆ ಎಳೆದು ಮಕ್ಕಳನ್ನು ಎಣಿಸಿದರೆ ಸೊನ್ನೆ. ಅದೇ ಕೋಣೆ, ಅದೇ ಮಕ್ಕಳು. 64 ಬಂದದ್ದು ಮೊದಲ ಬಗೆಯಲ್ಲಿ, ಕೇಂದ್ರದ ಶಿಕ್ಷಣ ಸಂಶೋಧನಾ ಮಂಡಳಿ ಎನ್‌ಸಿಇಆರ್‌ಟಿಯ ಪರಖ್ ರಾಷ್ಟ್ರೀಯ ಸರ್ವೇಕ್ಷಣದಿಂದ. 27.1 ಬಂದದ್ದು ಎರಡನೇ ಬಗೆಯಲ್ಲಿ, ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಅಸರ್ ಸಮೀಕ್ಷೆಯಿಂದ. ಇವೆರಡನ್ನು ಪಕ್ಕಪಕ್ಕ ಇಟ್ಟು ಜಗಳ ಹಚ್ಚುವುದು ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕಿದ ಹಾಗೆ.

ಹಾಗಾದರೆ ಯಾವುದನ್ನು ಹಿಡಿದುಕೊಳ್ಳಬೇಕು? ಅದು ನಿಮ್ಮ ಪ್ರಶ್ನೆ ಏನು ಎಂಬುದರ ಮೇಲೆ ನಿಂತಿದೆ. ನನ್ನ ಮಟ್ಟಿಗಂತೂ ‘ಎಲ್ಲದಕ್ಕೂ ಒಳ್ಳೆಯ ಸಮೀಕ್ಷೆ’ ಎಂಬುದು ಇಲ್ಲ.

ವಿಷಯವಾರು ನೋಡಬೇಕೆಂದರೆ

ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಹೀಗೆ ವಿಷಯ ಬಿಡಿಸಿ ನೋಡಲು ದೇಶದ ಮಟ್ಟದಲ್ಲಿ ಇರುವುದು ಒಂದೇ ದಾರಿ: ಹಿಂದೆ ರಾಷ್ಟ್ರೀಯ ಸಾಧನಾ ಸಮೀಕ್ಷೆ, ಅಂದರೆ ನಾವು ಮೇಷ್ಟ್ರುಗಳು ‘ನ್ಯಾಸ್’ ಎಂದು ಕರೆಯುತ್ತಿದ್ದದ್ದು, ಈಗ ಅದರ ಜಾಗಕ್ಕೆ ಬಂದಿರುವ ಪರಖ್. ನ್ಯಾಸ್ 2021ರ ನವೆಂಬರ್ 12ರಂದು 3, 5, 8 ಮತ್ತು 10ನೇ ತರಗತಿಗಳಿಗೆ ನಡೆಯಿತು, ಸುಮಾರು 1.18 ಲಕ್ಷ ಶಾಲೆ, 34 ಲಕ್ಷ ಮಕ್ಕಳು, 22 ಭಾಷೆ. ಪರಖ್ 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆಯಿತು; 781 ಜಿಲ್ಲೆ, ಸುಮಾರು 74 ಸಾವಿರ ಶಾಲೆ, 21 ಲಕ್ಷ ಮಕ್ಕಳು. ತರಗತಿ ಬದಲಾಗಿದ್ದಕ್ಕೆ ಕಾರಣ 2020ರ ಶಿಕ್ಷಣ ನೀತಿ. ಅದು ಎರಡು, ಐದು, ಎಂಟನೇ ತರಗತಿಗಳಲ್ಲಿ ಒಂದೊಂದು ಹಂತ ಮುಗಿಯುತ್ತದೆ ಎನ್ನುತ್ತದೆ. ಆ ಹಂತ ದಾಟಿ ಬಂದವರು ಏನು ಹೊತ್ತು ತಂದಿದ್ದಾರೆ ಎಂದು ಮುಂದಿನ ತರಗತಿಯಲ್ಲಿ ನೋಡುತ್ತಾರೆ.

ಮೂರನೇ ತರಗತಿಗೆ ಭಾಷೆ ಮತ್ತು ಗಣಿತ ಮಾತ್ರ. ಆರಕ್ಕೆ ಇವೆರಡರ ಜತೆ ‘ನಮ್ಮ ಸುತ್ತಲಿನ ಜಗತ್ತು’. ಒಂಬತ್ತಕ್ಕೆ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ದೇಶದ ಸರಾಸರಿ ಹೀಗಿದೆ: ಮೂರರಲ್ಲಿ ಭಾಷೆ 64, ಗಣಿತ 60, ಆರರಲ್ಲಿ ಭಾಷೆ 57, ಸುತ್ತಲಿನ ಜಗತ್ತು 49, ಗಣಿತ 46, ಒಂಬತ್ತರಲ್ಲಿ ಭಾಷೆ 54, ವಿಜ್ಞಾನ 40, ಸಮಾಜ ವಿಜ್ಞಾನ 40, ಗಣಿತ 37.

ಈ ಸಾಲನ್ನು ನೋಡಿದ ಕೂಡಲೇ ಎಲ್ಲರೂ ಹೇಳುವ ಮಾತು ಎರಡು. ಒಂದು, ‘ಮೇಲೆ ಹೋದಂತೆ ಗಣಿತ 60ರಿಂದ 37ಕ್ಕೆ ಕುಸಿಯಿತು’. ಎರಡು, ‘ಮಕ್ಕಳು ಗಣಿತಕ್ಕಿಂತ ಭಾಷೆಯಲ್ಲಿ ಜಾಣರು’. ಗಣಿತ ಮೇಷ್ಟ್ರಾಗಿ ನನಗೆ ಎರಡೂ ನಿಜ ಅನ್ನಿಸುತ್ತದೆ. ಆದರೆ ಈ ಅಂಕಿಗಳು ಎರಡನ್ನೂ ಸಾಬೀತು ಮಾಡುವುದಿಲ್ಲ. ಮೂರನೇ ತರಗತಿಯ ಪತ್ರಿಕೆಯೇ ಬೇರೆ, ಒಂಬತ್ತರದ್ದೇ ಬೇರೆ. ಬರೆದ ಮಕ್ಕಳೂ ಬೇರೆ. ಭಾಷೆಯ ಪ್ರಶ್ನೆಗಳು ಸುಲಭವಿದ್ದು ಗಣಿತದವು ಕಷ್ಟವಿದ್ದರೂ ಇಂಥದ್ದೇ ಅಂಕಿ ಬರುತ್ತದೆ. ನಮ್ಮ ಕಿರುಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆ ತೆಗೆದವರು ಯಾರು ಎನ್ನುವುದರ ಮೇಲೆ ಸರಾಸರಿ ಹದಿನೈದು ಅಂಕ ಮೇಲೆ ಕೆಳಗೆ ಆಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಇಲ್ಲಿರುವುದು ಬಹುಆಯ್ಕೆಯ ಪ್ರಶ್ನೆಗಳು. ನಾಲ್ಕರಲ್ಲಿ ಒಂದಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸುಮಾರು ಶೇ 25 ಸರಿಯಾಗುತ್ತದೆ. ಹಾಗಾಗಿ ಒಂಬತ್ತನೇ ತರಗತಿಯ ಗಣಿತದ 37 ಅನ್ನು ಸೊನ್ನೆಯಿಂದ ಅಳೆಯಬೇಡಿ, 25ರಿಂದ ಅಳೆಯಿರಿ. ಆಗ ಅದರ ನಿಜವಾದ ಎತ್ತರ ತಿಳಿಯುತ್ತದೆ.

ಸರಾಸರಿಗಿಂತ ನನಗೆ ಉಪಯೋಗಕ್ಕೆ ಬಂದದ್ದು ಪರಖ್ ವರದಿಯ ಒಳಪುಟಗಳು. ಅಲ್ಲಿ ಸಾಮರ್ಥ್ಯವಾರು ಅಂಕಿಗಳಿವೆ. 99ರವರೆಗಿನ ಸಂಖ್ಯೆಗಳನ್ನು ಏರಿಕೆ-ಇಳಿಕೆ ಕ್ರಮದಲ್ಲಿ ಜೋಡಿಸುವುದು: ಮೂರನೇ ತರಗತಿಯಲ್ಲಿ ಶೇ 55. ಎರಡಂಕಿಯ ಕೂಡುವುದು, ಕಳೆಯುವುದು: ಶೇ 58. ಹತ್ತರವರೆಗಿನ ಮಗ್ಗಿ ತಿಳಿದು ನಾಲ್ಕು ಮೂಲಕ್ರಿಯೆಗಳನ್ನು ಬಳಸುವುದು: ಆರನೇ ತರಗತಿಯಲ್ಲಿ ಶೇ 53. ಒಂಬತ್ತರಲ್ಲಿ ಬಹುಪದೋಕ್ತಿ ಹೇಳಿಕೊಡಲು ನಿಂತಾಗ ನನ್ನ ಹುಡುಗರು ಎಡವುವುದು ಬಹುಪದೋಕ್ತಿಯಲ್ಲಲ್ಲ, ಏಳೆಂಟಲ ಎಷ್ಟು ಎಂಬಲ್ಲಿ. ‘ಗಣಿತ 37’ ಎಂಬ ಒಂದು ಅಂಕಿ ಮೇಷ್ಟ್ರಿಗೆ ಬೈಗುಳ ತರಿಸುತ್ತದೆ ಅಷ್ಟೆ. ‘ಮಗ್ಗಿ 53’ ಎಂಬ ಅಂಕಿ ಕೆಲಸ ಎಲ್ಲಿಂದ ಶುರುವಾಗಬೇಕು ಎಂದು ಹೇಳುತ್ತದೆ. ವರದಿ ಓದುವವರು ಮೊದಲ ಪುಟ ಬಿಟ್ಟು ಅಲ್ಲಿಗೇ ಹೋಗಿ.

ಪರಖ್ ಅಳೆಯದ್ದೂ ಬೇಕಾದಷ್ಟಿದೆ. ಗುರುತು ಹಾಕುವ ಪತ್ರಿಕೆಯಲ್ಲಿ ಪ್ರಬಂಧ ಬರೆಯುವಂತಿಲ್ಲ, ಪ್ರಯೋಗ ಮಾಡುವಂತಿಲ್ಲ, ಲೆಕ್ಕದ ಹಂತ ತೋರಿಸುವಂತಿಲ್ಲ. ಭಾಷೆ ಎಂದರೆ ಅಲ್ಲಿ ಹೆಚ್ಚಾಗಿ ಓದಿ ಗ್ರಹಿಸುವುದೇ. 2021ರಲ್ಲಿ ಹತ್ತನೇ ತರಗತಿಗೆ ಇಂಗ್ಲಿಷ್ ಪ್ರತ್ಯೇಕ ವಿಷಯವಾಗಿತ್ತು, 2024ರಲ್ಲಿ ಹತ್ತನೇ ತರಗತಿಯೇ ಇಲ್ಲ. ಪತ್ರಿಕೆ ಶಾಲೆಯ ಮಾಧ್ಯಮದಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಮಗು ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪತ್ರಿಕೆಯಲ್ಲಿ ತಪ್ಪಿದರೆ ಸೋತದ್ದು ವಿಜ್ಞಾನದಲ್ಲೋ ಇಂಗ್ಲಿಷಿನಲ್ಲೋ ಎಂದು ಆ ಅಂಕಿ ಹೇಳಲಾರದು.

ಓದು ಬರುತ್ತದೆಯೇ, ಕಳೆಯಲು ಬರುತ್ತದೆಯೇ

ನಿಮ್ಮ ಪ್ರಶ್ನೆ ಇಷ್ಟೇ ಸರಳವಾಗಿದ್ದರೆ ಅಸರ್ ಸಾಕು, ಅಸರೇ ಬೇಕು. ಬಿ.ಇಡಿ ಓದುವಾಗ ಇದಕ್ಕೆ ಸ್ವಯಂಸೇವಕನಾಗಿ ಹೋಗಿದ್ದೆ, ಹಾಗಾಗಿ ಒಳಗಿನ ಕೆಲಸ ಗೊತ್ತು. 2005ರಲ್ಲಿ ಆರಂಭವಾದ ಈ ಸಮೀಕ್ಷೆ ಮಕ್ಕಳನ್ನು ಶಾಲೆಯಲ್ಲಿ ಅಳೆಯುವುದಿಲ್ಲ, ಮನೆಗೆ ಹೋಗಿ ಅಳೆಯುತ್ತದೆ. ಒಂದು ಜಿಲ್ಲೆಗೆ 30 ಹಳ್ಳಿ, ಒಂದು ಹಳ್ಳಿಗೆ 20 ಮನೆ. ಊರನ್ನು ನಾಲ್ಕು ಭಾಗ ಮಾಡಿಕೊಂಡು, ಪ್ರತಿ ಭಾಗದಲ್ಲಿ ಎಡಗಡೆಯ ಐದನೇ ಐದನೇ ಮನೆ ಹತ್ತುತ್ತಾ ಹೋಗಬೇಕು. ಭಾನುವಾರವೇ ಹೋಗುವುದು, ಮಕ್ಕಳು ಸಿಗಲಿ ಅಂತ. ಜಗುಲಿಯ ಮೇಲೆ ಕೂತು ಒಂದೊಂದೇ ಮಗುವಿನ ಕೈಗೆ ಹಾಳೆ ಕೊಡುತ್ತೇವೆ. ಮೊದಲು ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಅದನ್ನು ಸಲೀಸಾಗಿ ಓದಿದರೆ ಎರಡನೇ ತರಗತಿ ಮಟ್ಟದ ಸಣ್ಣ ಕತೆ, ಆಗದಿದ್ದರೆ ಪದಗಳು, ಅದೂ ಆಗದಿದ್ದರೆ ಬಿಡಿ ಅಕ್ಷರ. ಲೆಕ್ಕಕ್ಕೆ ದಶಕ ಎರವಲು ಪಡೆದು ಕಳೆಯುವ ಎರಡಂಕಿಯ ಲೆಕ್ಕ, ಅದು ಬಂದರೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ಎದುರಿಗೆ ಮಗು ಕೂತಿರುವುದರಿಂದ ಇಲ್ಲಿ ಗುರುತು ಹಾಕಿ ಪಾರಾಗುವ ದಾರಿ ಇಲ್ಲ. ಬರುತ್ತದೆ ಅಥವಾ ಬರುವುದಿಲ್ಲ. ಬಿಡಿ ಅಕ್ಷರವನ್ನು ಪಟಪಟ ಹೇಳಿದ ಮಗು ‘ಅಮ್ಮ’ ದಾಟಿ ‘ಹಬ್ಬಕ್ಕೆ’ ಬಂದಾಗ ಒತ್ತಕ್ಷರದ ಮುಂದೆ ನಿಂತುಬಿಡುವುದನ್ನು ನೋಡಿದರೆ, ಕನ್ನಡದ ಓದು ಎಲ್ಲಿ ಮುರಿಯುತ್ತದೆ ಎಂದು ಕಣ್ಣಾರೆ ತಿಳಿಯುತ್ತದೆ. ಬಹುಆಯ್ಕೆಯ ಯಾವ ಪತ್ರಿಕೆಯೂ ನನಗೆ ಅದನ್ನು ತೋರಿಸಿಲ್ಲ.

2024ರ ಅಸರ್ 605 ಗ್ರಾಮೀಣ ಜಿಲ್ಲೆಗಳಲ್ಲಿ ಸುಮಾರು ಆರೂವರೆ ಲಕ್ಷ ಮಕ್ಕಳನ್ನು ತಲುಪಿತು. ಮೂರನೇ ತರಗತಿಯಲ್ಲಿ ಕತೆ ಓದಬಲ್ಲವರು 2022ರಲ್ಲಿ ಶೇ 20.5 ಇದ್ದದ್ದು 2024ಕ್ಕೆ 27.1 ಆಯಿತು, ಕಳೆಯುವ ಲೆಕ್ಕ ಬಲ್ಲವರು 25.9ರಿಂದ 33.7ಕ್ಕೆ ಏರಿದರು. ಹಾಳೆಯ ಮಟ್ಟ ಬದಲಾಗದೇ ಇರುವುದರಿಂದ ಈ ಏರಿಕೆಯನ್ನು ಏರಿಕೆ ಎಂದೇ ಓದಬಹುದು. ಅಸರ್‌ನ ದೊಡ್ಡ ಬಲ ಇದೇ: ಹಳೆಯ ತಕ್ಕಡಿಯನ್ನು ಬದಲಿಸಿಲ್ಲ.

ಕೊರತೆಗಳೂ ಇವೆ. ಪಟ್ಟಣದ ಮಕ್ಕಳು ಇದರಲ್ಲಿಲ್ಲ; ಬೆಂಗಳೂರು ನಗರದ ಶಾಲೆಗಳ ಬಗ್ಗೆ ಮಾತಾಡುವಾಗ ಅಸರ್ ಎತ್ತುವುದು ತಪ್ಪು. ವಿಜ್ಞಾನ, ಸಮಾಜ ಇಲ್ಲವೇ ಇಲ್ಲ. ಎಂಟನೇ ತರಗತಿಯ ಮಗುವಿಗೂ ಅದೇ ಎರಡನೇ ತರಗತಿಯ ಕತೆ. ಓದಿದರೆ ಅಡಿಪಾಯ ಇದೆ ಎಂದು ತಿಳಿಯುತ್ತದೆಯೇ ಹೊರತು ಮೇಲೆ ಎಷ್ಟು ಮಹಡಿ ಎದ್ದಿದೆ ಎಂದು ತಿಳಿಯುವುದಿಲ್ಲ. ಜಿಲ್ಲೆಯ ಅಂಕಿ ಕೇಳುವವರಿಗೆ ಒಂದು ಎಚ್ಚರ: 600 ಮನೆಗಳಲ್ಲಿ ಮೂರನೇ ತರಗತಿಯ ಮಕ್ಕಳು ಎಷ್ಟು ಸಿಕ್ಕಾರು, ಅದರಲ್ಲಿ ಖಾಸಗಿ ಶಾಲೆಯವರು ಎಷ್ಟಿದ್ದಾರು ಎಂದು ಬೆರಳೆಣಿಸಿ ನೋಡಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತಾರೆ ನಿಜ, ಆದರೆ ಅದು ಒಂದೇ ಪಾತ್ರೆಯ ಅನ್ನವಾಗಿದ್ದರೆ. ರಾಜ್ಯದ ಮಟ್ಟದಲ್ಲಿ ಅಸರ್ ಗಟ್ಟಿ, ಕೆಳಗಿಳಿದಷ್ಟೂ ಅಂಕಿ ಅಲ್ಲಾಡುತ್ತದೆ.

ಇವೆರಡರ ನಡುವೆ ಒಂದು ಸೇತುವೆಯಂಥದ್ದೂ ಇತ್ತು: 2022ರ ಮಾರ್ಚ್‌ನಲ್ಲಿ, ಚಿಕ್ಕ ಮಕ್ಕಳಿಗೆ ಓದು-ಲೆಕ್ಕ ಕಲಿಸುವ ಕೇಂದ್ರದ ಯೋಜನೆಯಾದ ನಿಪುಣ್ ಭಾರತ್‌ಗಾಗಿ ಎನ್‌ಸಿಇಆರ್‌ಟಿ ನಡೆಸಿದ ಬುನಾದಿ ಕಲಿಕಾ ಅಧ್ಯಯನ. ಸುಮಾರು 86 ಸಾವಿರ ಮೂರನೇ ತರಗತಿಯ ಮಕ್ಕಳನ್ನು 20 ಭಾಷೆಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು, ಪ್ರತಿ ಭಾಷೆಗೂ ಪ್ರತ್ಯೇಕ ಓದಿನ ವೇಗದ ಗೆರೆ ಎಳೆದರು. ಕನ್ನಡದ ಉದ್ದುದ್ದ ಪದಗಳನ್ನೂ ಇಂಗ್ಲಿಷಿನ ಗಿಡ್ಡ ಪದಗಳನ್ನೂ ನಿಮಿಷಕ್ಕೆ ಇಷ್ಟು ಎಂದು ಒಂದೇ ಕೋಲಿನಲ್ಲಿ ಅಳೆಯಲಿಲ್ಲ ಎಂಬುದೇ ನನಗೆ ಹಿಡಿಸಿದ್ದು.

ಯಾರು ಅಳೆದರು ಎಂಬ ಪ್ರಶ್ನೆ

2017ರ ನವೆಂಬರ್ 13ರ ನ್ಯಾಸ್‌ನಲ್ಲಿ ಕರ್ನಾಟಕ, ರಾಜಸ್ಥಾನ ಮೇಲಿನ ಸಾಲಿನಲ್ಲಿದ್ದವು. ನಾವು ಬೆನ್ನು ತಟ್ಟಿಕೊಂಡೆವು. 2021ರಲ್ಲಿ ಡಗ್ ಜಾನ್ಸನ್ ಮತ್ತು ಆಂಡ್ರೆಸ್ ಪರಾಡೊ ಎಂಬ ಸಂಶೋಧಕರು ಆ ಅಂಕಿಗಳನ್ನು ಅಸರ್ ಜತೆ, ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಜತೆ ಇಟ್ಟು ನೋಡಿದರು. ನ್ಯಾಸ್‌ನ ರಾಜ್ಯವಾರು ಸರಾಸರಿಗಳು ಬಹಳ ಮೇಲಿದ್ದವು. ಅದಕ್ಕಿಂತ ಮುಖ್ಯವಾಗಿ ರಾಜ್ಯಗಳ ಕ್ರಮಾಂಕಕ್ಕೂ ಉಳಿದ ಸಮೀಕ್ಷೆಗಳ ಕ್ರಮಾಂಕಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇರಲಿಲ್ಲ.

ಏಕೆ ಹೀಗೆ ಎಂಬುದಕ್ಕೆ ನನ್ನ ಅನುಭವದಲ್ಲಿ ಒಂದು ಉತ್ತರವಿದೆ. ನ್ಯಾಸ್‌ನಿಂದ ಮಗುವಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ರಾಜ್ಯಗಳಿಗೆ ಶ್ರೇಣಿ ಕೊಡುವ ಸೂಚ್ಯಂಕಕ್ಕೆ ಅದೇ ಅಂಕಿ ಹೋಗುತ್ತದೆ, ಹಾಗಾಗಿ ಒತ್ತಡ ಮೇಲಿನಿಂದ ಇಳಿಯುತ್ತದೆ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಸಮೀಕ್ಷೆಗೆ ಮೂರು ವಾರ ಮುಂಚೆ ಪಾಠ ನಿಂತು ಉತ್ತರ ಗುರುತಿಸುವ ಓಎಂಆರ್ ಹಾಳೆಯಲ್ಲಿ ಗುಂಡಗೆ ತುಂಬಿಸುವ ಅಭ್ಯಾಸವೇ ನಡೆಯಿತು. ಆ ದಿನ ನಿಧಾನ ಕಲಿಕೆಯ ಕೆಲ ಮಕ್ಕಳಿಗೆ ‘ಹುಷಾರಿಲ್ಲ’ ಅಂತಾಯಿತು. ಶಾಲೆಯಲ್ಲಿ ಅಳೆಯುವ ಸಮೀಕ್ಷೆಗೆ ಅಂದು ಬಂದ ಮಕ್ಕಳು ಮಾತ್ರ ಸಿಗುತ್ತಾರೆ; ಮನೆಗೆ ಹೋಗುವ ಅಸರ್‌ಗೆ ಗೈರಾದವರೂ ಶಾಲೆ ಬಿಟ್ಟವರೂ ಸಿಗುತ್ತಾರೆ. ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ರಾಜ್ಯಗಳ ಪೈಪೋಟಿಯ ಪಟ್ಟಿ ನೋಡುವಾಗ ಈ ಅನುಮಾನವೂ ಸ್ವಲ್ಪ ಇರಲಿ ಎನ್ನುತ್ತಿದ್ದೇನೆ.

ಪಟ್ಟಿಯಲ್ಲಿ ಇಡೀ ಭಾರತವನ್ನು ಹೊರದೇಶಗಳ ಜತೆ ಇಡುವ ಆಸೆ ಇದ್ದವರಿಗೆ 15 ವರ್ಷದ ಮಕ್ಕಳ ಅಂತರರಾಷ್ಟ್ರೀಯ ಪರೀಕ್ಷೆ ಪೀಸಾ ಇದೆ, ಆದರೆ ನಮಗೆ ಇಲ್ಲದ ಹಾಗೆಯೇ. 2009ರ ಸುತ್ತಿನ ವಿಸ್ತರಣೆಯಲ್ಲಿ ತಮಿಳುನಾಡು, ಹಿಮಾಚಲ ಪ್ರದೇಶ ಬರೆದು ಪಟ್ಟಿಯ ತಳದಲ್ಲಿ ನಿಂತವು. ಕೆಳಗೆ ಕಿರ್ಗಿಸ್ತಾನ ಒಂದೇ. ಆಮೇಲೆ ಭಾರತ ಹೊರಗುಳಿಯಿತು, 2021ಕ್ಕೆ ಬರುತ್ತೇವೆಂದದ್ದೂ ಆಗಲಿಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಸುವವರು

ಹೆಚ್ಚು ಜನ ಬೀಳುವ ಹಳ್ಳ ಇದು. ನ್ಯಾಸ್ 2017ರಲ್ಲಿ ಇದ್ದದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳು. 2021ರಲ್ಲಿ ಖಾಸಗಿ ಮತ್ತು ಕೇಂದ್ರೀಯ ಶಾಲೆಗಳೂ ಸೇರಿದವು. 2024ಕ್ಕೆ ತರಗತಿಗಳೇ ಬದಲಾದವು. ಮೂರನೇ ತರಗತಿಯ ಭಾಷೆ-ಗಣಿತ ಮಾತ್ರ ಮೂರರಲ್ಲೂ ಉಳಿದಿರುವುದು, ಅದನ್ನೂ ಶಾಲೆಗಳ ಬಗೆ ನೋಡಿಕೊಂಡು ಹೋಲಿಸಬೇಕು.

2021ರ ವರದಿಯಲ್ಲಿ 500ರ ಮಾನಕ ಅಂಕಗಳೂ ಇವೆ. ಹತ್ತನೇ ತರಗತಿ: ಇಂಗ್ಲಿಷ್ 277, ಸಮಾಜ ವಿಜ್ಞಾನ 231, ಗಣಿತ 220, ವಿಜ್ಞಾನ 206. ಇದನ್ನು ನೋಡಿ ಒಬ್ಬರು ‘ವಿಜ್ಞಾನದಲ್ಲಿ 41 ಪರ್ಸೆಂಟ್’ ಎಂದು ಭಾಗಿಸಿ ಹೇಳಿದ್ದನ್ನು ತರಬೇತಿಯೊಂದರಲ್ಲಿ ಕೇಳಿದ್ದೇನೆ. ಅದು ಉಷ್ಣಮಾಪಕದ ಡಿಗ್ರಿಯ ಹಾಗೆ, ಅಂಕಪಟ್ಟಿಯ ಅಂಕವಲ್ಲ. ರಾಜ್ಯ ರಾಜ್ಯಗಳ ನಡುವೆ ಒಂದೇ ವಿಷಯವನ್ನು ಹೋಲಿಸಲು ಅದು ನೆರವಾಗುತ್ತದೆ. ಇಂಗ್ಲಿಷನ್ನೂ ವಿಜ್ಞಾನವನ್ನೂ ತೂಗಿ ನೋಡಲು ಅಲ್ಲ.

ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನು ಕಲಿಕೆಯ ಅಳತೆಗೋಲು ಮಾಡಿಕೊಳ್ಳುವವರಿಗೆ ನಾಲ್ಕು ಅಂಕಿ ಸಾಕು. 2021ರಲ್ಲಿ ಕೋವಿಡ್‌ನಿಂದಾಗಿ ಎರಡೇ ದಿನದ ಬಹುಆಯ್ಕೆ ಪರೀಕ್ಷೆ, ಶೇ 99.9 ಪಾಸು. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಶೇ 73.40. ಆಮೇಲೆ 2025-26ರ ಸಾಲಿಗೆ ಪಾಸಿನ ಗೆರೆಯನ್ನೇ 35ರಿಂದ 33ಕ್ಕೆ ಇಳಿಸಿದರು. 2023ರಿಂದ 2024ಕ್ಕೆ ಒಂದೇ ವರ್ಷದಲ್ಲಿ ಹತ್ತು ಪರ್ಸೆಂಟ್ ಮಕ್ಕಳು ದಡ್ಡರಾಗಲಿಲ್ಲ. ಗೋಡೆಯ ಮೇಲೆ ಕ್ಯಾಮೆರಾ ಬಂತು. ವಿಷಯವಾರು ನೋಡುತ್ತೇನೆಂದರೂ ನೂರರಲ್ಲಿ ಇಪ್ಪತ್ತು ಆಂತರಿಕ ಅಂಕ ಎಂಬುದು ನೆನಪಿರಲಿ. ಅದನ್ನು ಹಾಕುವವರು ನಾವೇ, ಹೇಗೆ ಹಾಕುತ್ತೇವೆಂದು ಎಲ್ಲರಿಗೂ ಗೊತ್ತು. ಒಬ್ಬ ವಿದ್ಯಾರ್ಥಿ ಪಿಯುಸಿಗೆ ಸೇರಲು ಎಸ್‌ಎಸ್‌ಎಲ್‌ಸಿ ಬೇಕು, ಒಂದೇ ವರ್ಷದ ಒಳಗೆ ಶಾಲೆ ಶಾಲೆಗಳನ್ನು ನೋಡಲೂ ಒಂದಿಷ್ಟು ಆಗುತ್ತದೆ. ರಾಜ್ಯದ ಕಲಿಕೆ ಏರಿತೋ ಇಳಿಯಿತೋ ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ.

ಹಾಗಾದರೆ ನೀವು ಯಾವುದನ್ನು ತೆಗೆದುಕೊಳ್ಳಬೇಕು

ಜಿಲ್ಲೆಯ ಸುದ್ದಿ ಬರೆಯುವ ವರದಿಗಾರರಾದರೆ ಪರಖ್‌ನ ಜಿಲ್ಲಾ ವರದಿ ತೆಗೆದುಕೊಳ್ಳಿ, ಕ್ರಮಾಂಕ ಬಿಟ್ಟು ಸಾಮರ್ಥ್ಯದ ಪುಟ ಓದಿ. ಹಳ್ಳಿಯ ಮಕ್ಕಳ ಓದು ಹತ್ತು ವರ್ಷದಲ್ಲಿ ಏನಾಯಿತು ಎಂಬ ಲೇಖನಕ್ಕೆ ಅಸರ್. ಹೈಸ್ಕೂಲಿನ ವಿಜ್ಞಾನ, ಸಮಾಜದ ಬಗ್ಗೆ ಮಾತಾಡುವಾಗ ಪರಖ್ ಬಿಟ್ಟರೆ ಗತಿಯಿಲ್ಲ, 25ರ ಮಾತು ಮರೆಯಬೇಡಿ. ಮನೆಯ ಮಗುವಿಗೆ ಶಾಲೆ ಹುಡುಕುವ ತಂದೆತಾಯಿಗೆ ಪರಖ್ ಆಗಲಿ ಅಸರ್ ಆಗಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಅವು ಒಂದು ಶಾಲೆಯ ಹೆಸರನ್ನೂ ಒಂದು ಮಗುವಿನ ಅಂಕವನ್ನೂ ಹೇಳುವುದಕ್ಕೆ ಹುಟ್ಟಿದವಲ್ಲ. ‘ನಮ್ಮ ಶಾಲೆ ನ್ಯಾಸ್‌ನಲ್ಲಿ ಫಸ್ಟ್’ ಎಂದು ಬ್ಯಾನರ್ ಕಂಡರೆ ನಕ್ಕು ಮುಂದೆ ಹೋಗಿ.

ನಮ್ಮ ಎಸ್‌ಡಿಎಂಸಿ ಅಧ್ಯಕ್ಷರಿಗೆ ಬೇಕಿದ್ದದ್ದು ದೇಶದ ಅಂಕಿಯೂ ಅಲ್ಲ, ಜಿಲ್ಲೆಯದ್ದೂ ಅಲ್ಲ. ನಮ್ಮ ಕಾಂಪೌಂಡಿನೊಳಗಿನ ಪ್ರಾಥಮಿಕ ಶಾಲೆಯ ಮಕ್ಕಳದ್ದು. ಅದಕ್ಕೆ ಅಸರ್‌ನ ಹಾಳೆಯೇ ಸಾಕು. ಅವರ ಜಾಲತಾಣದಲ್ಲಿ ಕನ್ನಡದ್ದೂ ಸಿಗುತ್ತದೆ. ಮುಂದಿನ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಅಧ್ಯಕ್ಷರೇ ಬೆಂಚು ಹಾಕಿಕೊಂಡು ಮರದ ಕೆಳಗೆ ಕೂತರು, ನಾನು ಪಕ್ಕದಲ್ಲಿ ಪಟ್ಟಿ ಹಿಡಿದೆ. ಒಂದು ಮಗುವಿಗೆ ಐದಾರು ನಿಮಿಷ. ಯಾರು ಯಾವ ಮಟ್ಟ ಎಂಬುದರ ಜತೆಗೆ, ಮಗು ಎಡವಿದ ಪದವನ್ನೂ ಪಕ್ಕದ ಅಂಕಣದಲ್ಲಿ ಬರೆದುಕೊಂಡೆವು. ಮುಗಿದಾಗ ಆ ಅಂಕಣ ತುಂಬಾ ಒತ್ತಕ್ಷರಗಳೇ. ಅಧ್ಯಕ್ಷರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಚಿಕ್ಕ ತರಗತಿಗಳ ನಲಿಕಲಿ ಟೀಚರ್ ಇರುವ ಕೋಣೆಯ ಕಡೆ ನಡೆದರು.